ಶಿಮ್ಲೆಯ ಮನೆ, ನಗ್ಗರದ ಗೋಡೆ

ಮನೆಯನ್ನು ಮೇಲಿನಿಂದ ಕೆಳಕ್ಕೆ ಇಳಿದು ಪ್ರವೇಶಿಸುವ ಊರನ್ನು ವಾಚಕರಲ್ಲಿ ಎಷ್ಟು ಮಂದಿ ಕಂಡಿರುವರೋ ಅರಿಯೆವು. ನಾವಂತು ಅರವತ್ತು ಕಳೆಯುವ ವರೆಗೆ ಕಂಡಿರಲಿಲ್ಲ. ೨೦೨೪ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ, ನವರಾತ್ರಿ ಇನ್ನೂ ನಡೆದಿರುವಾಗಲೇ, ಶಿಮ್ಲೆಯಲ್ಲಿ ಉದ್ಯೋಗದಲ್ಲಿರುವ ಅಳಿಯಂದಿರ ಮನೆಗೆ ಹೋಗಿಬರುವ ಯೋಗವು ನಮಗೂ ನಮ್ಮ ಮನೆಯವರಿಗೂ ಒದಗಿತು. ಕಲಬುರ್ಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯನ್ನು ಹತ್ತಿ ದಿಲ್ಲಿಗೆ ಹೋಗಿ, ಅಲ್ಲಿಂದ ಬೆಟ್ಟದ ಬುಡದಲ್ಲಿರುವ ಕಾಲ್ಕಾ ನಿಲ್ದಾಣವನ್ನು ಸೇರಿ, ಶಿಮ್ಲೆಯ ಚಿಕ್ಕ ಗಾಡಿಯನ್ನು ಹಿಡಿದೆವು. ಈ ಗಾಡಿಯ ಹಳಿಗಳ ನಡುವಣ ಅಂತರವು ಎರಡೂವರೆ ಅಡಿ ಮಾತ್ರ. ೧೯೦೩ರಲ್ಲಿ ತೆರೆದ ಈ ದಾರಿಯು ೯೬ ಕಿಲೋಮೀಟರಿನಲ್ಲಿ ನೂರಕ್ಕೂ ಮೇಲ್ಪಟ್ಟ ಸುರಂಗಗಳನ್ನು ಹಾಯ್ದು, ಸುಮಾರು ೧೪೦೦ ಮೀಟರು ಮೇಲಕ್ಕೆ ಏರುವದು. ನಮ್ಮ ಮನೆಯವರು ಸುರಂಗ ಬಂದಾಗಲೆಲ್ಲ ಒಂದೊಂದು ಪುಟಾಣಿ ಕಾಳನ್ನು ಚೀಲದಿಂದ ತೆಗೆದು ಸೆರಗಿನಲ್ಲಿಟ್ಟು ಎಣಿಸತೊಡಗಿದರು. ಐವತ್ತು ದಾಟಿದ ಬಳಿಕ ಮಾತಿನ ಭರದಲ್ಲಿ ಆ ಲೆಕ್ಕದ ಕಾಳುಗಳನ್ನೇ ತಿಂದುಬಿಟ್ಟರು.

ಹೊರಡುವಾಗ ನಮ್ಮ ಮನಸ್ಸು ಪೂರ್ಣ ನಿಶ್ಚಿಂತವಾಗಿರಲಿಲ್ಲ. ಆಳಂದ ಸೀಮೆಯ ನಮ್ಮ ಹಳ್ಳಿಯಲ್ಲಿ ಹಿರಿಯರ ಕಾಲದ ಮಾಳಿಗೆಯ ಮನೆಯೊಂದುಂಟು. ಅದರ ಮಣ್ಣಿನ ಮಾಳಿಗೆಯನ್ನು ತೆಗೆಸಿ, ಹಳೆಯ ಕಲ್ಲುಗೋಡೆಗಳ ಮೇಲೆಯೇ ಸಿಮೆಂಟಿನ ಸ್ಲ್ಯಾಬು ಹಾಕಿಸಿ, ಮೇಲೆ ಇನ್ನೆರಡು ಕೋಣೆಗಳನ್ನು ಎಬ್ಬಿಸಬೇಕೆಂಬದು ನಮ್ಮ ತಮ್ಮನ ಹಂಬಲ. ಗೌಂಡಿಗೆ ಮುಂಗಡವನ್ನೂ ಕೊಟ್ಟಾಗಿತ್ತು. "ಅಣ್ಣಾ, ನೀನು ತಿರುಗಿ ಬರುವಷ್ಟರಲ್ಲಿ ಕೆಲಸ ಹಿಡಿದಿರುತ್ತೇನೆ" ಎಂದು ಅವನು ನಿಲ್ದಾಣದ ವರೆಗೆ ಬಂದು ಹೇಳಿ ಹೋಗಿದ್ದನು. ನಾವು ಹೂಂ ಎನ್ನಲಿಲ್ಲ; ಬೇಡವೆಂದೂ ಅನ್ನಲಿಲ್ಲ.

ಶಿಮ್ಲೆಯನ್ನು ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಇಡಿಯ ಗುಡ್ಡವೇ ದೀಪಾವಳಿಯಂತೆ ಹೊಳೆಯುತ್ತಿತ್ತು. ಮಗಳ ಮನೆಯ ಬಳಿಗೆ ಬಂದಾಗ ಅಳಿಯಂದಿರು ನಮ್ಮನ್ನು ರಸ್ತೆಯಿಂದ ನೇರವಾಗಿ ಒಂದು ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕಾರು ಮೋಟಾರುಗಳು ನಿಂತಿದ್ದವು. ಆ ಬಯಲು ಮನೆಯ ಮೇಲ್ಛಾವಣಿಯೆಂಬದು ಆಮೇಲೆ ತಿಳಿಯಿತು! ಅಲ್ಲಿಂದ ಒಂದು ಇಕ್ಕಟ್ಟಾದ ಪಾವಟಿಗೆಯನ್ನು ಇಳಿಯುತ್ತ ಹೋದೆವು: ಒಂದು ಅಂತಸ್ತು, ಎರಡು, ಮೂರು. ನಾಲ್ಕನೆಯದು ನಮ್ಮ ಮಗಳ ಮನೆ; ಅದರ ಕೆಳಗೆ ಇನ್ನೂ ಎರಡು ಬಿಡಾರಗಳಿದ್ದವು. "ಇಲ್ಲಿ ಮಹಡಿ ಇಳಿಯಬೇಕು ಅಪ್ಪಾ, ಹತ್ತುವದಲ್ಲ" ಎಂದು ಮಗಳು ನಕ್ಕಳು. ರಾತ್ರಿಯಾದ್ದರಿಂದ ಕಿಟಕಿಯ ಹೊರಗೆ ಏನಿದೆಯೆಂಬದು ಕಾಣಿಸಲಿಲ್ಲ. ಬೆಳಗಾದ ಮೇಲೆ ನೋಡಿದೆವು. ಏನೂ ಇರಲಿಲ್ಲ, ಕಣಿವೆ ಮಾತ್ರ ಇತ್ತು.

ಆ ಮನೆಯು ಬಡಗಣದ ಕಡೆಗೆ ಮುಖ ಮಾಡಿದ್ದರಿಂದ ಸೂರ್ಯನ ದರ್ಶನವೇ ಇಲ್ಲ. ಅಕ್ಟೋಬರದಲ್ಲಿಯೇ ಗೋಡೆಗಳು ತಣ್ಣಗೆ ಬೆವರುತ್ತಿದ್ದವು. ಮೊಮ್ಮಗನ ಬಟ್ಟೆಗಳನ್ನು ವಿದ್ಯುತ್ತಿನ ಒಲೆಯ ಮುಂದೆ ಹಿಡಿದು ಒಣಗಿಸುತ್ತಿದ್ದರು. ಅಡಿಗೆಯ ಮನೆಯ ಬಾಗಿಲಿನ ಮೂಲೆಯಿಂದ ಮೇಲ್ಗಡೆಗೆ ಓರೆಯಾಗಿ ಒಂದು ಬಿರುಕು ಹೋಗಿತ್ತು. ಮನೆಯ ಯಜಮಾನನು ಬಾಡಿಗೆಗೆ ಕೊಡುವ ಮುಂಚೆ ಅದರ ಮೇಲೆ ಬಣ್ಣ ಬಳಿಸಿದ್ದನಂತೆ. ಮೊದಲನೆಯ ಮಳೆಗಾಲದಲ್ಲಿಯೇ ಬಣ್ಣ ಸೀಳಿತು. ಅಳಿಯಂದಿರು ಬಿರುಕಿಗೆ ಅಡ್ಡಲಾಗಿ ಮೂರು ಕಾಗದದ ಪಟ್ಟಿಗಳನ್ನು ಅಂಟಿಸಿ, ಒಂದೊಂದರ ಮೇಲೂ ದಿನಾಂಕವನ್ನು ಬರೆದಿದ್ದರು. ಎರಡು ಹರಿದಿದ್ದವು. ನಮ್ಮ ಮನೆಯವರು ಅದನ್ನು ನೋಡಿ ಏನೂ ಮಾತಾಡದೆ ಒಗ್ಗರಣೆ ಹಾಕಹೋದರು. ಅವರು ಸುಮ್ಮನಾದರೆಂದರೆ ಹೆದರಿದರೆಂದೇ ಅರ್ಥ.

ಮರುದಿನ ಆ ಮನೆಯ ಕಾಲುಗಳನ್ನು ನೋಡಬೇಕೆಂದು ನಾವು ಕಟ್ಟಕಡೆಯ ಅಂತಸ್ತಿಗೂ ಕೆಳಗೆ ಇಳಿದೆವು. ಕೆಳಗಿನ ಬಿಡಾರದಲ್ಲಿ ವಾಸವಾಗಿದ್ದ ನಿವೃತ್ತ ಇಂಜಿನಿಯರರೊಬ್ಬರು ಜತೆಗೆ ಬಂದರು. ಗುಡ್ಡವನ್ನು ಸಮತಟ್ಟು ಮಾಡದೆ, ಇಳಿಜಾರಿನ ಮೇಲೆಯೇ ಸಿಮೆಂಟಿನ ಕಂಬಗಳನ್ನು ನಿಲ್ಲಿಸಿ ಆ ಕಟ್ಟಡವನ್ನು ಎತ್ತಿದ್ದರು. ಗುಡ್ಡದ ಕಡೆಯ ಕಂಬವು ನಮ್ಮ ಸೊಂಟದಷ್ಟು. ಕಣಿವೆಯ ಕಡೆಯದು ಮೂರಾಳು ಎತ್ತರ. ನಾವು ಉದ್ದ ಕಂಬಗಳನ್ನು ನೋಡಿ ಭಯಪಟ್ಟೆವು. ಇಂಜಿನಿಯರರು ನಕ್ಕು, "ಇವಕ್ಕಿಂತ ಮೊದಲು ಹೋಗುವವು ಆ ಗಿಡ್ಡ ಕಂಬಗಳು" ಎಂದರು. ನಂಬಿಕೆಯಾಗದ್ದರಿಂದ ಅವರು ಹೀಗೆ ತಿಳಿಸಿಕೊಟ್ಟರು: ಒಂದೇ ದಪ್ಪದ ಎರಡು ಬೆತ್ತಗಳನ್ನು ನೆಲದಲ್ಲಿ ಗಟ್ಟಿಯಾಗಿ ಊರಿ, ಒಂದನ್ನು ಒಂದು ಗೇಣೂ ಇನ್ನೊಂದನ್ನು ಎರಡು ಗೇಣೂ ಮೇಲೆ ಬಿಟ್ಟು, ಎರಡರ ತುದಿಗಳನ್ನೂ ಒಂದೇ ಹಲಗೆಗೆ ಬಿಗಿದು ಆ ಹಲಗೆಯನ್ನು ತಳ್ಳಿರಿ. ಎರಡೂ ತುದಿಗಳು ಹಲಗೆಯೊಡನೆ ಅಷ್ಟಷ್ಟೇ ಸರಿಯಬೇಕು. ಉದ್ದನೆಯದು ಸುಲಭವಾಗಿ ಬಗ್ಗುವದು. ಅರ್ಧ ಎತ್ತರದ್ದನ್ನು ಅಷ್ಟೇ ಬಗ್ಗಿಸಬೇಕಾದರೆ ಎಂಟು ಪಟ್ಟು ಬಲ ಬೇಕು. ನೆಲವು ನಡುಗಿದಾಗ ಮನೆಯೆಂಬ ಹಲಗೆಯ ಭಾರವೆಲ್ಲ ಆ ಗಿಡ್ಡ ಕಂಬದ ಮೈಮೇಲೆಯೇ ಬೀಳುವದು. ಅದು ಪಟ್ಟನೆ ಮುರಿಯುವದು. ಬಯಲುಸೀಮೆಯ ಮನೆಯ ನಕ್ಷೆಯನ್ನು ತಂದು ಗುಡ್ಡದ ಮೇಲೆ ಇಟ್ಟರೆ ಆಗುವ ಗತಿ ಇದು. ಕಾಗದದ ಮೇಲೆ ಕಂಬಗಳೆಲ್ಲ ಒಂದೇ ಚುಕ್ಕೆಗಳು. ಎತ್ತರದ ಲೆಕ್ಕವನ್ನು ಗುಡ್ಡವೇ ಇಡುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಆರು ಬಿಡಾರಗಳ ಬಚ್ಚಲ ನೀರು ಒಂದು ಒಡಕು ಕೊಳವೆಯಿಂದ ಸೋರಿ ಕಂಬಗಳ ಬುಡದಲ್ಲಿಯೇ ಇಂಗುತ್ತಿತ್ತು. ಮಗ್ಗುಲಲ್ಲಿ ಮತ್ತೊಂದು ಮನೆಯ ಅಡಿಪಾಯಕ್ಕಾಗಿ ಗುಡ್ಡವನ್ನು ನೆಟ್ಟಗೆ ಕೊರೆದು, ಆ ಮಣ್ಣುಕಲ್ಲನ್ನು ಕೆಳಕ್ಕೆ ಉರುಳಿಸಿದ್ದರು. ಇದಕ್ಕೆ ಆ ಕಡೆಯಲ್ಲಿ ಮಲ್ಬಾ ಎನ್ನುವರು. ಹೀಗೆ ಸುರಿದ ಸಡಿಲ ಮಣ್ಣಿನ ಮೇಲೆ ನಾಲ್ಕು ವರುಷಕ್ಕೆ ಹುಲ್ಲು ಬೆಳೆಯುವದು. ಹತ್ತು ವರುಷಕ್ಕೆ ಅದೂ ನೆಲವೆಂದೇ ತೋರಿ, ಅದರ ಮೇಲೊಂದು ಮನೆ ಏಳುವದು.

೨೦೨೩ರ ಆಗಸ್ಟ ೧೪ರ ಮಾತನ್ನು ಮಗಳು ಆ ಸಂಜೆ ಹೇಳಿದಳು. ಶ್ರಾವಣ ಸೋಮವಾರ, ಎಡೆಬಿಡದ ಮಳೆ. ಊರಿನ ಪಕ್ಕದ ಸಮ್ಮರ್‌ಹಿಲ್ ಎಂಬಲ್ಲಿ ಗುಡ್ಡವು ಜಾರಿ, ಶಿವನ ಗುಡಿಯೊಂದನ್ನು ಪೂಜೆಗೆ ಬಂದ ಭಕ್ತರ ಸಮೇತ ಹೊತ್ತುಕೊಂಡು ಹೋಯಿತು. ಇಪ್ಪತ್ತು ಮಂದಿ ಸತ್ತರು. ನಾವು ಬಂದ ಚಿಕ್ಕ ಗಾಡಿಯ ಹಳಿಗಳು ಅಂದು ಕೆಳಗಿನ ಮಣ್ಣು ಹೋಗಿ ಹಗ್ಗದ ಉಯ್ಯಾಲೆಯಂತೆ ಗಾಳಿಯಲ್ಲಿ ತೂಗುತ್ತಿದ್ದುವಂತೆ. ಅಂದಿನಿಂದ ಮಳೆ ಜೋರಾದ ರಾತ್ರಿಗಳಲ್ಲಿ ಮಗಳು ಮಗುವಿನ ಸ್ವೆಟರನ್ನೂ ಬೂಟನ್ನೂ ಬಾಗಿಲ ಬಳಿಯಲ್ಲಿಟ್ಟು ಮಲಗುತ್ತಾಳೆ. ಇದನ್ನು ಅವಳು ದೂರವಾಣಿಯಲ್ಲಿ ನಮಗೆ ಒಮ್ಮೆಯೂ ತಿಳಿಸಿರಲಿಲ್ಲ.

ಇಂಥ ಊರಿಗೆ ಕಟ್ಟಳೆಗಳಿಲ್ಲವೆ ಎಂದು ಕೇಳಿದರೆ, ಬೇಕಾದಷ್ಟಿವೆ. ಹಿಮಾಚಲ ಪ್ರದೇಶದಲ್ಲಿ ನಗರಯೋಜನೆಯ ಕಾಯಿದೆ ಬಂದದ್ದು ೧೯೭೭ರಲ್ಲಿ. ನಲವತ್ತೈದು ಅಂಶಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟಕೂಡದೆಂಬ ನಿಯಮವಿದೆ. ೨೦೦೦ನೆಯ ಇಸವಿಯಲ್ಲಿ ಶಿಮ್ಲೆಯ ಹದಿನೇಳು ಹಸಿರು ಪಟ್ಟಿಗಳಲ್ಲಿ ಕಟ್ಟಡಗಳನ್ನು ನಿಷೇಧಿಸಿದರು. ೨೦೧೭ರ ನವಂಬರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಎರಡು ಅಂತಸ್ತು ಮತ್ತೊಂದು ಅಟ್ಟಕ್ಕಿಂತ ಮೇಲೆ ಹೋಗಕೂಡದೆಂದು ಆಜ್ಞೆ ಮಾಡಿತು. ೨೦೨೪ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿ, ಊರಿನ ಹೊಸ ಅಭಿವೃದ್ಧಿ ಯೋಜನೆಯು ಮುಂದುವರಿಯಲೆಂದಿತು. ನಡುವೆ, ಮೊದಲು ಕಟ್ಟಿ ಆಮೇಲೆ ಹಣ ತೆತ್ತು ಒಪ್ಪಿಸಿಕೊಳ್ಳುವ ಯೋಜನೆಗಳೂ ಬಂದವು. ಅಂಥದೊಂದು ತಿದ್ದುಪಡಿಯನ್ನು ಅಲ್ಲಿಯ ಉಚ್ಚ ನ್ಯಾಯಾಲಯವು ೨೦೧೭ರಲ್ಲಿ ರದ್ದುಪಡಿಸಿತು. ನಮ್ಮ ಕಡೆಯ ಅಕ್ರಮ ಸಕ್ರಮವನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಣ ತೆತ್ತು ಒಪ್ಪಿಸಿಕೊಂಡ ಮಾತ್ರಕ್ಕೆ ಗಿಡ್ಡ ಕಂಬವು ಉದ್ದವಾಗುವದೆ? ನ್ಯಾಯಾಲಯಗಳಲ್ಲಿ ವಾದವೆಲ್ಲ ಅಂತಸ್ತು ಎಷ್ಟೆಂಬದರ ಮೇಲೆ ನಡೆದಿದೆ. ಕಾಲು ಎಲ್ಲಿ ಊರಿದೆ, ನೀರು ಎಲ್ಲಿಗೆ ಹರಿಯುತ್ತದೆ, ಬಿಸಿಲು ಎತ್ತಲಿಂದ ಬೀಳುತ್ತದೆ ಎಂಬ ವಿಚಾರವು ಅದರಷ್ಟೇ ದೊಡ್ಡದೆಂದು ನಮ್ಮ ಎಣಿಕೆ.

ಮನಸ್ಸು ಭಾರವಾಗಿದ್ದುದನ್ನು ಕಂಡು ಅಳಿಯಂದಿರು, "ಮಾವಾ, ಇಷ್ಟು ದೂರ ಬಂದವರು ಕುಲ್ಲುವಿನ ದಸರೆಯನ್ನು ನೋಡದೆ ಹೋಗಬಾರದು" ಎಂದು ನಾಲ್ಕು ದಿನ ರಜೆ ಹಾಕಿದರು. ಎಲ್ಲ ಕಡೆಗೂ ದಸರೆ ಮುಗಿಯುವ ದಿನ ಕುಲ್ಲುವಿನಲ್ಲಿ ಅದು ಆರಂಭವಾಗುವದು. ಸುತ್ತಣ ಹಳ್ಳಿಗಳ ದೇವರುಗಳೆಲ್ಲ ಪಲ್ಲಕ್ಕಿಗಳಲ್ಲಿ ಬಂದು ರಘುನಾಥಜಿಗೆ ನಮಸ್ಕರಿಸುವ ಆ ಸಂಭ್ರಮವನ್ನು ವರ್ಣಿಸಹೊರಟರೆ ಈ ಲೇಖನವು ದಾರಿ ತಪ್ಪುವದು. ಮಂಡಿಯನ್ನು ದಾಟಿ ಬಿಯಾಸ ನದಿಯ ಗುಂಟ ಹೋಗುವಾಗ ಒಂದು ಸಂಗತಿಯನ್ನು ಮಾತ್ರ ಲಕ್ಷ್ಯವಿಟ್ಟು ನೋಡಿದೆವು. ೨೦೨೩ರ ಜುಲೈ ತಿಂಗಳ ಪ್ರವಾಹದಲ್ಲಿ ಹೊಳೆಯ ದಂಡೆಯ ಹೊಸ ಕಟ್ಟಡಗಳು ಮುರಿದುಬಿದ್ದ ಗುರುತುಗಳು ಅಲ್ಲಲ್ಲಿ ಉಳಿದಿದ್ದವು. ಹಳೆಯ ಹಳ್ಳಿಗಳು ಮಾತ್ರ ಹೊಳೆಯಿಂದ ಬಹಳ ಮೇಲೆ, ಬಂಡೆಯ ಹೆಗಲುಗಳ ಮೇಲೆ, ಬಿಸಿಲಿಗೆ ಬೆನ್ನು ಕಾಯಿಸಿಕೊಳ್ಳುವ ಮುದುಕರಂತೆ ಸಾಲಾಗಿ ಕುಳಿತಿದ್ದವು.

ನಗ್ಗರವು ಅಂಥದೊಂದು ಹೆಗಲಿನ ಮೇಲಿದೆ. ಇದು ಬಹುಕಾಲ ಕುಲ್ಲು ಅರಸರ ರಾಜಧಾನಿಯಾಗಿತ್ತು. ನಮಗೆ ಇನ್ನೊಂದು ನೆಂಟಸ್ತಿಕೆಯೂ ಉಂಟು: ರಷ್ಯದ ಚಿತ್ರಕಾರ ನಿಕೋಲಸ್ ರೋರಿಕ್ ಅವರು ನೆಲಸಿದ್ದು ಇಲ್ಲಿಯೇ, ಅವರ ಮಗ ಸ್ವೆತೊಸ್ಲಾವ್ ಅವರು ಪತ್ನಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ಬಾಳಿ, ೧೯೯೩ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅರಸರ ಕೋಟೆಮನೆಯು ಈಗ ಸರಕಾರದ ಹೊಟೇಲಾಗಿದೆ. ಅದರ ಅಂಗಳದಲ್ಲಿರುವ ಗುಡಿಯ ಕಲ್ಲುಹಾಸನ್ನು ದೇವತೆಗಳು ಜೇನ್ನೊಣಗಳಾಗಿ ಹೊತ್ತು ತಂದರೆಂದು ಅಲ್ಲಿಯವರು ಹೇಳುವರು. ನಾವು ಗುಡಿಗೆ ಕೈಮುಗಿದು ಗೋಡೆಗಳ ಮುಂದೆ ನಿಂತೆವು. ಒಂದು ವರಸೆ ಕಲ್ಲು, ಒಂದು ವರಸೆ ಮರ. ಒಂದು ವರಸೆ ಕಲ್ಲು, ಒಂದು ವರಸೆ ಮರ. ನೆಲದಿಂದ ಸೂರಿನ ವರೆಗೆ ಹೀಗೆಯೇ. ಇಳಕಲ್ಲ ಸೀರೆಯ ಪಟ್ಟಿಯಂತಿದೆ ಎಂದರು ನಮ್ಮ ಮನೆಯವರು.

೧೯೦೫ರ ಏಪ್ರಿಲ ೪ರ ಬೆಳಗಿನಲ್ಲಿ ಕಾಂಗಡಾ ಸೀಮೆಯಲ್ಲಿ ಮಹಾ ಭೂಕಂಪವಾಯಿತು. ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಕಾಂಗಡಾ, ಧರ್ಮಶಾಲಾ ಊರುಗಳು ನೆಲಸಮವಾದವು. ಕುಲ್ಲು ಕಣಿವೆಯೂ ಜೋರಾಗಿ ನಡುಗಿತು. ನಗ್ಗರದ ಕೋಟೆಮನೆ ಬೀಳಲಿಲ್ಲ.

ಅದು ಹೇಗೆ ನಿಂತಿತೆಂಬದನ್ನು ನಾವು ಕೋಟೆಯಲ್ಲಿ ತಿಳಿಯಲಿಲ್ಲ. ಹಳ್ಳಿಯೊಳಗೆ ಒಂದು ಹಳೆಯ ಮನೆಯನ್ನು ದುರಸ್ತಿ ಮಾಡುತ್ತಿದ್ದ ಮುದಿ ಮಿಸ್ತ್ರಿಯ ಬಳಿಯಲ್ಲಿ ಕುಳಿತು ತಿಳಿದೆವು. ಅವನ ಮಾತನ್ನು ಅಳಿಯಂದಿರು ನಮಗೆ ಒಡೆದು ಹೇಳುತ್ತಿದ್ದರು. ಈ ಕಟ್ಟುವಿಕೆಗೆ ಕಾಠ್‌ಕುನಿ ಎಂದು ಹೆಸರು. ಕಾಠ್ ಎಂದರೆ ಕಾಷ್ಠ, ಕುನಿ ಎಂದರೆ ಕೋನ. ಮೂಲೆಯಲ್ಲಿ ಮರವಿದ್ದದ್ದು ಎಂದರ್ಥ. ಮೊದಲು ಒಣಗಲ್ಲಿನಿಂದ ಎತ್ತರವಾದ ನೆಲಗಟ್ಟನ್ನು ಎಬ್ಬಿಸುವರು. ಇದರಿಂದ ಮಳೆನೀರೂ ಹಿಮವೂ ಮರವನ್ನು ಮುಟ್ಟುವದಿಲ್ಲ, ಗುಡ್ಡದಿಂದ ಇಳಿದ ನೀರು ಕಲ್ಲುಗಳ ಸಂದಿನಿಂದಲೇ ಹಾಯ್ದು ಹೋಗುವದು. ಅದರ ಮೇಲೆ ಗೋಡೆಯ ಒಳ ಅಂಚಿಗೊಂದು ಹೊರ ಅಂಚಿಗೊಂದು ದೇವದಾರಿನ ತೊಲೆಗಳನ್ನಿಟ್ಟು, ಎರಡನ್ನೂ ಅಡ್ಡಪಟ್ಟಿಗಳಿಂದ ಕಚ್ಚು ಕೂಡಿಸಿ ಹೆಣೆದು, ನಡುವಣ ತೆರವಿನಲ್ಲಿ ಚೂರುಗಲ್ಲು ತುಂಬುವರು. ಅದರ ಮೇಲೆ ಕಲ್ಲಿನ ವರಸೆ, ಮತ್ತೆ ಮರ. ಸುಣ್ಣವಿಲ್ಲ, ಗಾರೆಯಿಲ್ಲ. ಮೂಲೆಗಳಲ್ಲಿ ಒಂದು ಗೋಡೆಯ ತೊಲೆಯು ಇನ್ನೊಂದು ಗೋಡೆಯ ತೊಲೆಯ ಮೇಲೆ ಹಾಯುವದರಿಂದ ನಾಲ್ಕೂ ಗೋಡೆಗಳು ಕೈಕೈ ಹಿಡಿದಂತಾಗುವವು.

ನೆಲ ನಡುಗಿದಾಗ ಕಲ್ಲುಗಳು ತುಸು ಕದಲಿ ಒಂದಕ್ಕೊಂದು ತಿಕ್ಕುವವು. ಕಂಪನದ ಬಲವು ಆ ತಿಕ್ಕಾಟದಲ್ಲಿಯೇ ಸವೆಯುವದು. ಮರದ ಪಟ್ಟಿಗಳು ಕಲ್ಲನ್ನು ಹೊರಕ್ಕೆ ಸಿಡಿಯಗೊಡುವದಿಲ್ಲ. ಮೇಲೆ ಹಾಸುಗಲ್ಲಿನ ಭಾರವಾದ ಮಾಡು ಎಲ್ಲವನ್ನೂ ಒತ್ತಿ ಹಿಡಿದಿರುವದು. ಮಿಸ್ತ್ರಿಯು ತನ್ನ ಎರಡೂ ಕೈಗಳ ಬೆರಳುಗಳನ್ನು ಹೆಣೆದು ಅತ್ತಿತ್ತ ಅಲ್ಲಾಡಿಸಿ ತೋರಿಸಿ, "ಅಲ್ಲಾಡಲಿ, ಬಿಚ್ಚಬಾರದು" ಎಂದನು. ಕೆಳಗಿನ ಅಂತಸ್ತಿನಲ್ಲಿ ಕಿಂಡಿಯಷ್ಟೇ ಕಿಟಕಿಗಳು, ಅಲ್ಲಿ ದನಗಳು. ನಡುವೆ ಕಾಳುಕಡಿ. ಮೇಲಿನದರಲ್ಲಿ ವಾಸ; ಅಲ್ಲಿ ಬಿಸಿಲಿನ ಕಡೆಗೆ ಹೊರಚಾಚಿದ ಮರದ ಪಡಸಾಲೆ. ಚಳಿಗಾಲದಲ್ಲಿ ದನಗಳ ಮೈಯ ಬಿಸಿಯು ಕೆಳಗಿನಿಂದಲೂ, ಬಿಸಿಲು ಮುಂದಿನಿಂದಲೂ ಮನೆಯನ್ನು ಕಾಯಿಸುವದು. ನಾವು ಅಲ್ಲಿ ಒಂದು ತಾಸು ಕುಳಿತೆವು. ನಮ್ಮ ಮೊಮ್ಮಗನು ಸ್ವೆಟರನ್ನು ತಾನಾಗಿಯೇ ಕಳಚಿ ಎಸೆದನು. ಒಂದೇ ಗೋಡೆ ಚಳಿಗೂ ಭೂಕಂಪಕ್ಕೂ ಇಳಿಜಾರಿಗೂ ಉತ್ತರ ಕೊಡುತ್ತಿತ್ತು.

ಗುಣವನ್ನಷ್ಟೇ ಬರೆದರೆ ಅರೆಸತ್ಯವಾದೀತು. ಮರದ ಮನೆಗೆ ಬೆಂಕಿಯೇ ಶತ್ರು. ಇದೇ ಕುಲ್ಲು ಸೀಮೆಯ ಮಲಾಣಾ ಎಂಬ ಪ್ರಾಚೀನ ಗ್ರಾಮದ ದೊಡ್ಡ ಭಾಗವು ೨೦೦೮ರ ಜನವರಿಯಲ್ಲಿ ಒಂದೇ ಬೆಂಕಿಗೆ ಬೂದಿಯಾಯಿತು. ಮೇಲಾಗಿ ದೇವದಾರು ಈಗ ಎಲ್ಲಿಯದು? ಮರ ಬಲಿಯುವದಕ್ಕೆ ತಲೆಮಾರುಗಳು ಬೇಕು, ಅರಣ್ಯದ ಕಟ್ಟುಪಾಡುಗಳು ಬಿಗಿಯಾಗಿವೆ, ಬೆಲೆಯು ಗಗನಕ್ಕೇರಿದೆ. ಮಿಸ್ತ್ರಿಯ ಮಗನೇ ಕೆಳಗಿನ ಪೇಟೆಯಲ್ಲಿ ಸಿಮೆಂಟಿನ ಕೆಲಸ ಮಾಡುತ್ತಾನಂತೆ. ಅದನ್ನು ಹೇಳುವಾಗ ಮುದುಕನಿಗೆ ದುಃಖವೇನೂ ಇದ್ದಂತೆ ಕಾಣಲಿಲ್ಲ. ಕೂಲಿ ಚೆನ್ನಾಗಿ ಸಿಗುವದೆಂದನು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹೆಣೆದ ಆ ಬೆರಳುಗಳು ಕಣ್ಣಮುಂದೆ ನಿಂತು, ಮೂವತ್ತೊಂದು ವರುಷದ ಹಿಂದಿನ ಇನ್ನೊಂದು ಗೋಡೆಯನ್ನು ನೆನಪಿಗೆ ತಂದವು.

೧೯೯೩ರ ಸಪ್ಟಂಬರ ೩೦ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಊರವರೆಲ್ಲ ದಣಿದು ಮಲಗಿದ್ದಾಗ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಿನಲ್ಲಿ ಭೂಮಿ ನಡುಗಿತು. ಹತ್ತು ಸಾವಿರದಷ್ಟು ಜನ ಸತ್ತರು. ಕಾಂಗಡಾದ ಕಂಪನಕ್ಕೆ ಹೋಲಿಸಿದರೆ ಅದು ಬಹಳ ಚಿಕ್ಕದು. ಗಡಿಯ ಈಚೆಗಿರುವ ನಮ್ಮ ಹಳ್ಳಿಯಲ್ಲಿ ಕೊಡಪಾನಗಳು ಉರುಳಿ, ಪಡುವಣ ಮೂಲೆಯ ಗೋಡೆ ಒಂದು ಬೆರಳು ಬಾಯಿ ಬಿಟ್ಟಿತು, ಅಷ್ಟೇ. ಆದರೆ ಉಮರ್ಗಾ ತಾಲೂಕಿನ ಹಳ್ಳಿಯೊಂದಕ್ಕೆ ನಮ್ಮ ಸೋದರತ್ತೆಯನ್ನು ಕೊಟ್ಟಿದ್ದರು. ಮರುದಿನ ಮಧ್ಯಾಹ್ನ ನಾವೂ ತಮ್ಮನೂ ಅಲ್ಲಿಗೆ ಮುಟ್ಟಿದೆವು. ಅತ್ತೆಯೂ ಇಬ್ಬರು ಮೊಮ್ಮಕ್ಕಳೂ ಮಾಳಿಗೆಯ ಮಣ್ಣಿನ ಅಡಿಯಲ್ಲಿ ಸಿಕ್ಕರು. ಮೈಮೇಲೆ ಗಾಯವೇನೂ ಕಾಣಲಿಲ್ಲ. ಧೂಳಿನಿಂದ ಉಸಿರು ಕಟ್ಟಿತ್ತು. ಪಡಸಾಲೆಯಲ್ಲಿ ಕಂಬ ತೊಲೆಗಳ ಕೆಳಗೆ ಮಲಗಿದ್ದ ಮಾವಂದಿರು ಬದುಕಿದರು. ಸುತ್ತಲ ಗೋಡೆಗಳೆಲ್ಲ ಬಿದ್ದು, ಆ ನಾಲ್ಕು ಕಂಬಗಳು ಮಾತ್ರ ಮದುವೆಯ ಹಂದರದಂತೆ ನಿಂತಿದ್ದವು.

ಆ ಮನೆಯೂ ನಮ್ಮದೂ ಒಂದೇ ಬಗೆಯವು. ಎರಡೂವರೆ ಅಡಿ ದಪ್ಪದ ಕಲ್ಲುಗೋಡೆ, ಕಲ್ಲಿನ ನಡುವೆ ಕೆಸರು; ಮೇಲೆ ಜಂತಿಗಳ ಮೇಲೆ ಹೇರಿದ ಮಣ್ಣು. ಸೋರಬಾರದೆಂದು ಪ್ರತಿ ಮಳೆಗಾಲಕ್ಕೆ ಮೊದಲು ಇನ್ನೊಂದಿಷ್ಟು ಮಣ್ಣು. ನಮ್ಮ ಸೀಮೆಯ ವೈಶಾಖದ ಉರಿಯಲ್ಲಿ ಈ ಮನೆಯ ಒಳಗಿನ ತಂಪನ್ನು ಅನುಭವಿಸಿದವರೇ ಬಲ್ಲರು. ಹಿರಿಯರು ಬಿಸಿಲಿಗೆ ಉತ್ತರವನ್ನು ಕಟ್ಟಿದ್ದರು. ನಡುಗದ ನೆಲವೆಂದು ನಂಬಿದ್ದರಿಂದ ನಡುಕಕ್ಕೆ ಕಟ್ಟಲಿಲ್ಲ. ಅವರನ್ನು ಆಡಿ ಫಲವೇನು? ಆಗಿನ ಸರಕಾರದ ಭೂಕಂಪದ ನಕ್ಷೆಯೂ ಕಿಲ್ಲಾರಿಯನ್ನು ಎಲ್ಲಕ್ಕಿಂತ ಕಡಮೆ ಅಪಾಯದ ಒಂದನೆಯ ವಲಯದಲ್ಲಿಯೇ ಇಟ್ಟಿತ್ತು. ೨೦೦೨ರಲ್ಲಿ ನಕ್ಷೆಯನ್ನು ತಿದ್ದಿ ಒಂದನೆಯ ವಲಯವನ್ನೇ ತೆಗೆದುಹಾಕಿ, ಲಾತೂರ ಸೀಮೆಯನ್ನು ಮೂರನೆಯದಕ್ಕೆ ಏರಿಸಿದರು. ಗೋಡೆಯ ದಪ್ಪವು ಬಲವೆಂದು ನಾವೆಲ್ಲ ತಿಳಿದಿದ್ದೆವು. ಅಂದು ಕಣ್ಣಾರೆ ಕಂಡೆವು: ಆ ದಪ್ಪ ಗೋಡೆಯು ನಿಜವಾಗಿ ಎರಡು ತೆಳು ಗೋಡೆಗಳು, ನಡುವೆ ಹುಡಿಗಲ್ಲು. ಒಂದು ಪದರ ಒಳಕ್ಕೂ ಒಂದು ಹೊರಕ್ಕೂ ಬಿದ್ದಿದ್ದವು. ಎರಡನ್ನೂ ಹಿಡಿದು ಹೊಲಿಯುವ ಒಂದು ಉದ್ದಗಲ್ಲಾಗಲಿ ಒಂದು ಪಟ್ಟಿಯಾಗಲಿ ಎಲ್ಲಿಯೂ ಇರಲಿಲ್ಲ. ನಗ್ಗರದ ಮಿಸ್ತ್ರಿಯು ಎರಡು ತೊ‌ಲೆಗಳ ನಡುವೆ ಹೊಂದಿಸುತ್ತಿದ್ದ ಅಡ್ಡಪಟ್ಟಿಯಷ್ಟೇ ಬೇಕಾಗಿದ್ದದ್ದು.

ಶಿಮ್ಲೆಗೆ ಮರಳಿದ ಮೇಲೆ ಇದನ್ನೆಲ್ಲ ಆ ಇಂಜಿನಿಯರರಿಗೆ ಹೇಳಿದೆವು. ಅವರು ಒಳಗಿನಿಂದ ಒಂದು ತೆಳ್ಳನೆಯ ಪುಸ್ತಕವನ್ನು ತಂದರು. ಮಣ್ಣು ಕಲ್ಲುಗಳ ದುರ್ಬಲ ಗೋಡೆಗಳನ್ನು ಭೂಕಂಪಕ್ಕೆ ತಾಳುವಂತೆ ಮಾಡುವದು ಹೇಗೆಂಬ ವಿಷಯದಲ್ಲಿ ಭಾರತೀಯ ಮಾನಕ ಸಂಸ್ಥೆಯು ಪ್ರಕಟಿಸಿದ ಕಟ್ಟಳೆ ಅದು, ಸಂಖ್ಯೆ ೧೩೮೨೮. ಅದರೊಳಗೆ ಚಿತ್ರಗಳಿದ್ದವು: ಗೋಡೆಯ ಅಡ್ಡಗಲಕ್ಕೂ ಹಾಯುವ ಉದ್ದಗಲ್ಲು, ಬಾಗಿಲುಗಳ ಮೇಲ್ಗಡೆ ಮನೆಯ ಸುತ್ತಲೂ ಎಲ್ಲಿಯೂ ತುಂಡಾಗದೆ ಓಡುವ ಪಟ್ಟಿ, ಮೂಲೆಯಲ್ಲಿ ಅದರ ಹೆಣಿಗೆ. ಆ ಪಟ್ಟಿಯನ್ನು ಸಿಮೆಂಟಿನಿಂದ ಮಾಡಬಹುದು, ಮರದಿಂದಲೂ ಮಾಡಬಹುದು. ಮರದ ಪಟ್ಟಿಯ ಚಿತ್ರವನ್ನು ನೋಡಿದಾಗ ನಮಗೆ ನಗ್ಗರದ ಗೋಡೆಯನ್ನೇ ಮತ್ತೆ ಕಂಡಂತಾಯಿತು. ಪುಸ್ತಕದ ಮೇಲಿನ ಇಸವಿ ೧೯೯೩. ನಾವು ಅದನ್ನು ಎರಡು ಸಲ ಓದಿದೆವು.

"ನಮ್ಮ ದೇಶದಲ್ಲಿ ಮೊದಲು ಪೆಟ್ಟು, ಆಮೇಲೆ ಪುಸ್ತಕ" ಎಂದು ಅವರು ಕ್ವೆಟ್ಟಾ ಪಟ್ಟಣದ ಕಥೆಯನ್ನು ಹೇಳಿದರು. ಬಲೂಚಿಸ್ಥಾನದಲ್ಲಿ ೧೯೩೧ರಲ್ಲಿ ಭೂಕಂಪವಾದ ಬಳಿಕ, ಕುಮಾರ ಎಂಬ ತರುಣ ರೈಲ್ವೆ ಇಂಜಿನಿಯರರು ಕಂಪನಕ್ಕೆ ತಾಳುವ ಮನೆಗಳ ಲೆಕ್ಕವನ್ನು ಹಾಕಿ ೧೯೩೩ರಲ್ಲಿ ಪ್ರಕಟಿಸಿದರು. ಆ ಬಗೆಯಲ್ಲಿ ಕ್ವೆಟ್ಟಾದಲ್ಲಿ ರೈಲ್ವೆ ನೌಕರರಿಗೆ ಕೆಲವು ಮನೆಗಳನ್ನು ಕಟ್ಟಿದ್ದರು. ೧೯೩೫ರ ಮೇ ೩೧ರಂದು ಆ ಊರು ಹಾಳಾಗಿ ಹತ್ತಾರು ಸಾವಿರ ಜನ ಸತ್ತಾಗ ಆ ಮನೆಗಳು ನಿಂತವು. ಊರಿಗೆ ಕಟ್ಟಡಗಳ ಕಟ್ಟಳೆ ಬಂದದ್ದು ಅದರ ಮೇಲೆ. ಇಡಿಯ ದೇಶಕ್ಕೆ ಭೂಕಂಪದ ಮಾನಕವು ಬಂದದ್ದು ೧೯೬೨ರಲ್ಲಿ. ಗುಡ್ಡಗಾಡಿನಲ್ಲಿ ಮನೆಯ ನೆಲವನ್ನು ಆರಿಸುವ ಬಗ್ಗೆ ಬೇರೆಯದೇ ಕಟ್ಟಳೆ ಬರಬೇಕಾದರೆ ೧೯೯೫ ಆಯಿತು. ಇವು ದೇಶಕ್ಕೆಲ್ಲ ಬರೆದವು. ಅವನ್ನು ಈ ಗುಡ್ಡದ ಈ ಮಗ್ಗುಲಿಗೆ, ಈ ಮಣ್ಣಿಗೆ, ಈ ಮಳೆಗೆ ಹೊಂದಿಸಿ ಬರೆಯುವವರು ಊರವರೇ ಆಗಬೇಕೆಂದೂ, ಹಾಗೆ ಬರೆಯುವಾಗ ಮಿಸ್ತ್ರಿಯನ್ನು ಎದುರಿಗೆ ಕೂಡ್ರಿಸಿಕೊಳ್ಳಬೇಕೆಂದೂ ಅವರ ಮತ. ನಮ್ಮದೂ ಅದೇ. "ಇಷ್ಟು ಬಲ್ಲವರು ನೀವು ಈ ಮನೆಯಲ್ಲಿ ಹೇಗಿದ್ದೀರಿ?" ಎಂದು ನಮ್ಮ ಮನೆಯವರು ಕೇಳಿಯೇಬಿಟ್ಟರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಿಂಚಣಿಯಲ್ಲಿ ಸಿಕ್ಕದ್ದು ಇದು ತಾಯೀ" ಎಂದರು.

ಅಂದು ರಾತ್ರಿಯೇ ನಾವು ತಮ್ಮನಿಗೆ ದೂರವಾಣಿ ಮಾಡಿ, ನಾವು ಬರುವ ವರೆಗೆ ಒಂದು ಕಲ್ಲನ್ನೂ ಮುಟ್ಟಿಸಬೇಡವೆಂದೆವು. ಅವನು ಮುನಿದನು. "ಮುಂಗಡ ಹೋಯಿತಲ್ಲ ಅಣ್ಣಾ" ಎಂದನು. "ಅತ್ತೆಯ ಮನೆಯ ಗೋಡೆ ನೆನಪಿದೆಯೇನು?" ಎಂದು ಕೇಳಿದೆವು. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ.

ಊರಿಗೆ ಬಂದ ಮೇಲೆ ವಾದ ನಡೆದದ್ದು ನಾಲ್ಕು ದಿನ. ಕೆಸರಿನಲ್ಲಿ ಕಟ್ಟಿದ ಗೋಡೆಯ ಮೇಲೆ ಸ್ಲ್ಯಾಬನ್ನೂ ಅದರ ಮೇಲೆ ಕೋಣೆಗಳನ್ನೂ ಹೇರುವ ಯೋಚನೆಯನ್ನು ತಮ್ಮನು ಬಿಟ್ಟನು. ಅದಕ್ಕೆ ಬದಲಾಗಿ ಮೂರು ಅಡಿಗೊಂದರಂತೆ ಗೋಡೆಯನ್ನು ಕೊರೆದು, ಕಬ್ಬಿಣದ ಸರಳಿಟ್ಟು ಸಿಮೆಂಟು ತುಂಬಿ, ಎರಡೂ ಪದರಗಳನ್ನು ಹೊಲಿಯುವದು; ಬಾಗಿಲುಗಳ ಮೇಲ್ಗಡೆ ಮನೆಯ ಸುತ್ತಲೂ ಪಟ್ಟಿ ಕಟ್ಟುವದು; ಮಾಳಿಗೆಯ ಮಣ್ಣನ್ನು ಒಂದು ಗೇಣಿಗೆ ಇಳಿಸುವದು ಎಂದು ಗೊತ್ತಾಯಿತು. ಇದನ್ನು ಲಾತೂರಿನ ಕಡೆಗೆ ಭೂಕಂಪದ ನಂತರ ಉಳಿದ ಮನೆಗಳಿಗೆ ಮಾಡಿದ್ದರಿಂದ ಕಲಬುರ್ಗಿಯ ಇಂಜಿನಿಯರರಿಗೆ ಹೊಸದೆನಿಸಲಿಲ್ಲ. ಗೌಂಡಿಯು ಮಾತ್ರ ಮೊದಲು, "ನಿಂತ ಗೋಡೆಗೆ ತೂತು ಯಾಕ್ರೀ ಸಾಹೇಬ್ರ?" ಎಂದು ನಕ್ಕನು. ಮೊದಲನೆಯ ತೂತಿನೊಳಗೆ ಕೈ ಹಾಕಿ, ಮೊಳಕೈ ವರೆಗೆ ಬರಿಯ ಹುಡಿಯೇ ಸಿಕ್ಕಾಗ ನಗು ನಿಂತಿತು.

ಮಾಳಿಗೆಯಿಂದ ಇಳಿದ ಮಣ್ಣು ಅಂಗಳದ ತುಂಬ ಬಿದ್ದಿತ್ತು. ಒಂದು ವರುಷದ ಪದರವು ಕೆಂಪು, ಇನ್ನೊಂದರದು ಬೂದಿಬಣ್ಣ. ಅಜ್ಜನ ಕಾಲದ್ದು ಯಾವದು, ಅಪ್ಪನದು ಯಾವದು ಎಂದು ಮಕ್ಕಳು ಅದರ ಮೇಲೆ ಹತ್ತಿ ಜಗಳಾಡುತ್ತಿದ್ದರು. ನಾದಿನಿಯು ಒಂದು ಪ್ರಶ್ನೆಯನ್ನು ಕೇಳಿದಳು: "ಇಷ್ಟು ಮಣ್ಣು ತೆಗೆದರೆ ಬರುವ ಬ್ಯಾಸಿಗೆಯಲ್ಲಿ ಒಳಗೆ ಇರುವದು ಹೇಗೆ ಭಾವಾ?" ಇದಕ್ಕೆ ನಮ್ಮಲ್ಲಿ ಪೂರ್ಣವಾದ ಉತ್ತರವಿರಲಿಲ್ಲ. ಮಾಳಿಗೆಯ ಮೇಲೆ ಬಿಳಿ ಸುಣ್ಣ ಬಳಿಸಿ, ಪಡುವಣದ ಕಡೆಗೆ ಒಂದು ಬೇವಿನ ಸಸಿಯನ್ನು ನೆಡಿಸಿದ್ದೇವೆ. ಬೇವು ನೆರಳಾಗುವದಕ್ಕೆ ಇನ್ನೂ ವರುಷಗಳು ಬೇಕು.

ಅಳಿಯಂದಿರು ಆ ಚಳಿಗಾಲಕ್ಕೆ ಮುಂಚೆಯೇ ಮನೆಯನ್ನು ಬದಲಿಸಿದರು. ಬ್ರಿಟಿಷರ ಕಾಲದ ಎರಡು ಅಂತಸ್ತಿನ ಮರದ ಚೌಕಟ್ಟಿನ ಮನೆ, ತಗಡಿನ ಮಾಡು. ಬಾಡಿಗೆ ಹೆಚ್ಚು, ಕೋಣೆ ಒಂದು ಕಡಮೆ. ಬಿಸಿಲು ಹತ್ತು ಗಂಟೆಗೆ ಅಡಿಗೆಯ ಮನೆಯೊಳಗೆ ಬರುವದೆಂದು ಮಗಳು ದೂರವಾಣಿಯಲ್ಲಿ ಹೇಳಿದಳು. ಹಳೆಯ ಮನೆಯನ್ನು ಬಿಡುವ ದಿನ ಮೂರನೆಯ ಕಾಗದದ ಪಟ್ಟಿಯು ಹರಿದಿರಲಿಲ್ಲವಂತೆ. ಅದನ್ನು ಹಾಗೆಯೇ ಗೋಡೆಯ ಮೇಲೆ ಬಿಟ್ಟು, ಮುಂದೆ ಬರುವವರಿಗೆ ತಿಳಿಯಲೆಂದು ದಿನಾಂಕವನ್ನು ಇನ್ನೊಮ್ಮೆ ದಪ್ಪಗೆ ಬರೆದು ಬಂದಿದ್ದಾರೆ.